ಹಿಮಖಂಡಕ್ಕೆ ಸಣ್ಣ ಹಡಗಿನ ಯಾನ: ನೋಡಿ ಬರುವುದಕ್ಕೂ ಬೇಕು ಶಿಸ್ತು

ಬಳಗಾನೂರು, ಮಸ್ಕಿ, ಸಿಂಧನೂರು ಭಾಗದಲ್ಲಿ ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಯಾವಾಗ ಬಂದೀತು, ಭತ್ತದ ಸಸಿ ಯಾವಾಗ ಹಾಕಬೇಕು ಎಂಬುದೇ ಆ ದಿನಗಳಲ್ಲಿ ಊರ ಕಟ್ಟೆಯ ಮೇಲಿನ ಮಾತು. ಇಂಥ ನೆಲದ ಓದುಗರಿಗೆ ಮಂಜುಗಡ್ಡೆಯ ಖಂಡ, ಅಲ್ಲಿನ ಪೆಂಗ್ವಿನ್, ಅದನ್ನು ನೋಡಲು ಹಡಗೇರಿ ಹೋಗುವ ಪ್ರವಾಸಿಗರು ಇವೆಲ್ಲ ಬೇರೊಂದು ಲೋಕದ ಕಥೆ ಎನಿಸಿದರೆ ಆಶ್ಚರ್ಯವಿಲ್ಲ.

ಆದರೆ ಆ ಲೋಕ ನಾವು ಎಣಿಸಿದಷ್ಟು ದೂರದಲ್ಲಿಲ್ಲ. ತುಂಗಭದ್ರಾ ಜಲಾಶಯ ತುಂಬಬೇಕಾದರೆ ಮಲೆನಾಡಿನಲ್ಲಿ ಮುಂಗಾರು ಸುರಿಯಬೇಕು. ಆ ಮುಂಗಾರಿನ ಗಾಳಿ ಹೊರಡುವುದು ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ, ಮಸ್ಕರೇನ್ ದ್ವೀಪಗಳ ಬಳಿ ರೂಪುಗೊಳ್ಳುವ ಅಧಿಕ ಒತ್ತಡದ ವಲಯದಿಂದ. ಅದಕ್ಕೂ ದಕ್ಷಿಣಕ್ಕೆ ಇರುವುದೇ ಅಂಟಾರ್ಕ್ಟಿಕಾ. ಭೂಮಿಯ ಮೇಲಿನ ಮಂಜುಗಡ್ಡೆಯಲ್ಲಿ ಸುಮಾರು ಶೇ. 90 ಭಾಗ ಅಲ್ಲಿದೆ. ಧ್ರುವಗಳಿಗೂ ಮುಂಗಾರಿಗೂ ಇರುವ ನಂಟನ್ನು ಭಾರತದ ವಿಜ್ಞಾನಿಗಳು ಅಧ್ಯಯನ ಮಾಡುತ್ತಿದ್ದು, 2022ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಆರ್ಕ್ಟಿಕ್ ನೀತಿಯಲ್ಲಿಯೂ ಈ ವಿಷಯ ಪ್ರಸ್ತಾಪವಾಗಿದೆ. ಹೀಗಿರುವಾಗ ಆ ಹಿಮದ ನೆಲದ ಮೇಲೆ ಯಾರು ಕಾಲಿಡುತ್ತಾರೆ, ಹೇಗೆ ಕಾಲಿಡುತ್ತಾರೆ ಎಂಬುದು ಎಲ್ಲರಿಗೂ ಸಂಬಂಧಿಸಿದ ಪ್ರಶ್ನೆಯೇ ಆಗಿದೆ.

ಗೋವಾದಿಂದ ಹೊರಟ ಹಡಗು

ಭಾರತೀಯರ ಧ್ರುವಯಾನದ ಕಥೆ ಕರ್ನಾಟಕದ ನೆರೆಯಲ್ಲೇ ಆರಂಭವಾಯಿತು. 1981ರ ಡಿಸೆಂಬರ್ 6ರಂದು ಡಾ. ಎಸ್.ಝಡ್. ಖಾಸಿಂ ಅವರ ನೇತೃತ್ವದ 21 ಮಂದಿಯ ತಂಡ ‘ಪೋಲಾರ್ ಸರ್ಕಲ್’ ಎಂಬ ನಾರ್ವೆಯ ಹಡಗಿನಲ್ಲಿ ಗೋವಾದಿಂದ ಹೊರಟು, 1982ರ ಜನವರಿ 9ರಂದು ಅಂಟಾರ್ಕ್ಟಿಕಾ ತಲುಪಿತು. ಮುಂದೆ ದಕ್ಷಿಣ ಗಂಗೋತ್ರಿ, ಮೈತ್ರಿ ಮತ್ತು ಭಾರತಿ ಕೇಂದ್ರಗಳು ತಲೆಯೆತ್ತಿದವು. ಇವುಗಳಲ್ಲಿ ಮೊದಲನೆಯದು ಹಿಮದಲ್ಲಿ ಹೂತುಹೋಗಿ 1990ರಲ್ಲಿ ಕೈಬಿಡಬೇಕಾಯಿತು. ಕಟ್ಟಿದ ಮನೆಯನ್ನೇ ನುಂಗುವ ನೆಲ ಅದು. ಉತ್ತರ ಧ್ರುವದ ಸಮೀಪ, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ ‘ಹಿಮಾದ್ರಿ’ ಕೇಂದ್ರ 2008ರಲ್ಲಿ ಆರಂಭವಾಯಿತು.

ವಿಜ್ಞಾನಿಗಳ ಯಾನ ಒಂದು ಬಗೆಯಾದರೆ ಪ್ರವಾಸಿಗರ ಯಾನ ಇನ್ನೊಂದು ಬಗೆ. ಸ್ವೀಡನ್ ಮೂಲದ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ ಅವರು 1966ರಲ್ಲಿ ಜನಸಾಮಾನ್ಯ ಪ್ರವಾಸಿಗರ ತಂಡವೊಂದನ್ನು ಅಂಟಾರ್ಕ್ಟಿಕಾಕ್ಕೆ ಕರೆದೊಯ್ದರು. 1969ರಲ್ಲಿ ಇದೇ ಉದ್ದೇಶಕ್ಕಾಗಿ ‘ಎಕ್ಸ್‌ಪ್ಲೋರರ್’ ಎಂಬ ಸಣ್ಣ ಹಡಗನ್ನು ನಿರ್ಮಿಸಲಾಯಿತು. ಕಣ್ಣಾರೆ ಕಂಡವರು ಆ ನೆಲವನ್ನು ಕಾಪಾಡಲು ಮುಂದಾಗುತ್ತಾರೆ ಎಂಬುದು ಲಿಂಡ್‌ಬ್ಲಾಡ್ ಅವರ ನಂಬಿಕೆಯಾಗಿತ್ತು. ಇಂದಿಗೂ ಈ ಬಗೆಯ ಪ್ರವಾಸವನ್ನು ಸಮರ್ಥಿಸುವವರು ಮುಂದಿಡುವ ವಾದ ಇದೇ.

ಸಣ್ಣ ಹಡಗು ಏಕೆ?

ದಕ್ಷಿಣ ಅಮೆರಿಕದ ತುದಿಯಲ್ಲಿರುವ ಉಶುವಾಯಾ ಬಂದರಿನಿಂದ ಹೊರಟ ಹಡಗು ಎರಡು ದಿನಗಳ ಕಾಲ ಡ್ರೇಕ್ ಜಲಸಂಧಿಯ ಭಾರಿ ಅಲೆಗಳನ್ನು ದಾಟಿ ಅಂಟಾರ್ಕ್ಟಿಕಾ ಪರ್ಯಾಯ ದ್ವೀಪವನ್ನು ಸೇರುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗಿನ ಅಲ್ಲಿನ ಬೇಸಿಗೆಯಲ್ಲಷ್ಟೇ ಈ ಪಯಣ ಸಾಧ್ಯ. ಪೆಂಗ್ವಿನ್‌ಗಳು ಮೊಟ್ಟೆಯಿಟ್ಟು ಮರಿ ಮಾಡುವ ಕಾಲವೂ ಅದೇ. ಅಲ್ಲಿ ಮಂಜುಗಡ್ಡೆಯಿಲ್ಲದ ನೆಲ ಬಹಳ ಕಡಿಮೆ. ಇರುವ ಅಷ್ಟಿಷ್ಟು ಬಂಡೆಯ ದಡದಲ್ಲಿಯೇ ಪಕ್ಷಿಗಳು ಗೂಡು ಕಟ್ಟಬೇಕು, ಪಾಚಿ ಬೆಳೆಯಬೇಕು, ಪ್ರವಾಸಿಗರು ಇಳಿಯಬೇಕು. ಸಮಸ್ಯೆಯ ಮೂಲ ಇಲ್ಲಿದೆ.

1991ರಲ್ಲಿ ಏಳು ಪ್ರವಾಸಿ ಸಂಸ್ಥೆಗಳು ಸೇರಿ ಅಂಟಾರ್ಕ್ಟಿಕಾ ಪ್ರವಾಸ ನಿರ್ವಾಹಕರ ಅಂತಾರಾಷ್ಟ್ರೀಯ ಸಂಘ, ಅಂದರೆ ‘ಐಆಟೊ’ವನ್ನು ಸ್ಥಾಪಿಸಿದವು. ಒಂದು ಸ್ಥಳದಲ್ಲಿ ಒಂದು ಹೊತ್ತಿಗೆ ನೂರಕ್ಕಿಂತ ಹೆಚ್ಚು ಪ್ರವಾಸಿಗರು ದಡದಲ್ಲಿ ಇರಬಾರದು. 500ಕ್ಕಿಂತ ಹೆಚ್ಚು ಪ್ರವಾಸಿಗರಿರುವ ಹಡಗಿನಿಂದ ಯಾರೂ ಇಳಿಯಬಾರದು. ಇಪ್ಪತ್ತು ಜನರಿಗೆ ಒಬ್ಬ ಮಾರ್ಗದರ್ಶಿಯಾದರೂ ಇರಬೇಕು ಎಂಬ ನಿಯಮಗಳು ಹೀಗೆ ರೂಢಿಗೆ ಬಂದವು. 2009ರಲ್ಲಿ ಅಂಟಾರ್ಕ್ಟಿಕಾ ಒಪ್ಪಂದದ ರಾಷ್ಟ್ರಗಳ ಸಭೆಯೂ ಇವನ್ನು ಅಂಗೀಕರಿಸಿತು. ನೂರು ಜನರ ಹಡಗಾದರೆ ಎಲ್ಲರೂ ಒಮ್ಮೆಗೇ ಇಳಿಯಬಹುದು. ನಾನೂರು ಜನರ ಹಡಗಾದರೆ ಸರದಿ ಕಾಯಬೇಕು. ಸಣ್ಣ ಹಡಗಿಗೆ ಬೇಡಿಕೆ ಬಂದದ್ದು ಈ ಲೆಕ್ಕದಿಂದ.

ಬೂಟಿನಲ್ಲಿ ಅಡಗಿದ ಬೀಜ

ದಡಕ್ಕೆ ಇಳಿಯುವ ಮುನ್ನ ಹಡಗಿನಲ್ಲಿ ಒಂದು ತಪಾಸಣೆ ನಡೆಯುತ್ತದೆ. ಕೋಟಿನ ಜೇಬು, ಚೀಲದ ಹೊಲಿಗೆ, ಬೂಟಿನ ತಳ ಎಲ್ಲವನ್ನೂ ಸ್ವಚ್ಛಗೊಳಿಸಬೇಕು. ಬೂಟುಗಳನ್ನು ಸೋಂಕುನಾಶಕ ದ್ರಾವಣದಲ್ಲಿ ಅದ್ದಬೇಕು. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ದಡ ಸೇರಿದ ಮೇಲೆ ಪ್ರಾಣಿಗಳಿಂದ ಕನಿಷ್ಠ ಐದು ಮೀಟರ್ ದೂರ ನಿಲ್ಲಬೇಕು. ಪೆಂಗ್ವಿನ್ ನಡೆದು ಬಂದರೆ ದಾರಿ ಬಿಡಬೇಕಾದವನು ಮನುಷ್ಯನೇ. ದಡಕ್ಕೆ ತಿಂಡಿ ಒಯ್ಯುವಂತಿಲ್ಲ, ಒಂದು ಕಲ್ಲನ್ನೂ ಹಿಂದಕ್ಕೆ ತರುವಂತಿಲ್ಲ.

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂಬ ಪ್ರಶ್ನೆಗೆ ರಾಯಚೂರು ಜಿಲ್ಲೆಯ ರೈತ ಸುಲಭವಾಗಿ ಉತ್ತರ ಹೇಳಬಲ್ಲ. ಹೊರಗಿನಿಂದ ಬಂದ ಕಾಂಗ್ರೆಸ್ ಕಸ ಹೊಲದ ಬದುಗಳನ್ನು ಆಕ್ರಮಿಸಿದ್ದನ್ನೂ, ಬಳ್ಳಾರಿ ಜಾಲಿ ಕೆರೆಯಂಗಳವನ್ನು ನುಂಗಿದ್ದನ್ನೂ ಆತ ಕಣ್ಣಾರೆ ಕಂಡಿದ್ದಾನೆ. ಒಮ್ಮೆ ಬೇರೂರಿದ ಪರಕೀಯ ಕಳೆಯನ್ನು ಕಿತ್ತು ಮುಗಿಸುವುದು ಎಷ್ಟು ಕಷ್ಟ ಎಂಬುದು ಅವನಿಗೆ ಗೊತ್ತು. ಅಂಟಾರ್ಕ್ಟಿಕಾದಲ್ಲಿಯೂ ಇದು ಆರಂಭವಾಗಿದೆ. ‘ಪೋವಾ ಆನ್ಯುವಾ’ ಎಂಬ ಸಾಮಾನ್ಯ ಹುಲ್ಲು 1980ರ ದಶಕದಲ್ಲಿ ಪೋಲೆಂಡ್‌ನ ಸಂಶೋಧನಾ ಕೇಂದ್ರವೊಂದರ ಬಳಿ ಕಾಣಿಸಿಕೊಂಡು ನೆಲೆಯೂರಿತು. 2007-08ರ ಋತುವಿನಲ್ಲಿ ಅಲ್ಲಿಗೆ ಬಂದವರ ಬಟ್ಟೆಬರೆಗಳನ್ನು ಪರೀಕ್ಷಿಸಿದಾಗ, ಬೀಜ ಹೊತ್ತು ಬಂದವರಲ್ಲಿ ತಲಾ ಸರಾಸರಿ ಒಂಬತ್ತಕ್ಕೂ ಹೆಚ್ಚು ಬೀಜಗಳು ಸಿಕ್ಕಿದವು. ಅವರಲ್ಲಿ ಪ್ರವಾಸಿಗರಷ್ಟೇ ಅಲ್ಲ, ವಿಜ್ಞಾನಿಗಳೂ ಇದ್ದರು ಎಂಬುದು ಗಮನಾರ್ಹ.

ಈಗ ಹಕ್ಕಿಜ್ವರದ ಭೀತಿಯೂ ಸೇರಿಕೊಂಡಿದೆ. 2023ರ ಅಕ್ಟೋಬರ್‌ನಲ್ಲಿ ದಕ್ಷಿಣ ಜಾರ್ಜಿಯಾ ಪ್ರದೇಶದಲ್ಲಿಯೂ, 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾದ ಮುಖ್ಯ ಭೂಭಾಗದಲ್ಲಿಯೂ ಈ ವೈರಾಣು ದೃಢಪಟ್ಟಿತು. ಅದನ್ನು ಅಲ್ಲಿಗೆ ತಂದವು ವಲಸೆ ಹಕ್ಕಿಗಳು. ಆದರೆ ಒಂದು ದಡದಿಂದ ಇನ್ನೊಂದು ದಡಕ್ಕೆ ಅದು ಮನುಷ್ಯನ ಬೂಟಿಗಂಟಿ ಹೋಗಬಾರದೆಂದು, ಪ್ರವಾಸಿಗರು ನೆಲದ ಮೇಲೆ ಕೂರುವುದನ್ನೂ ಮಂಡಿಯೂರುವುದನ್ನೂ ನಿಷೇಧಿಸಲಾಗಿದೆ.

ಮುಳುಗಿದ ಹಡಗು ಕಲಿಸಿದ ಪಾಠ

2007ರ ನವೆಂಬರ್ 23ರಂದು, ಈ ಪ್ರವಾಸಕ್ಕೆ ದಾರಿ ತೋರಿದ ಅದೇ ‘ಎಕ್ಸ್‌ಪ್ಲೋರರ್’ ಹಡಗು ಮಂಜುಗಡ್ಡೆಗೆ ಬಡಿದು ದಕ್ಷಿಣ ಶೆಟ್ಲೆಂಡ್ ದ್ವೀಪಗಳ ಬಳಿ ಮುಳುಗಿತು. ಹಡಗಿನಲ್ಲಿದ್ದ 154 ಮಂದಿ ತೆರೆದ ದೋಣಿಗಳಲ್ಲಿ ಗಂಟೆಗಟ್ಟಲೆ ಚಳಿಯಲ್ಲಿ ಕಾದರು. ‘ನಾರ್ಡ್‌ನಾರ್ಗೆ’ ಎಂಬ ಇನ್ನೊಂದು ಪ್ರವಾಸಿ ಹಡಗು ಬಂದು ಎಲ್ಲರನ್ನೂ ಕಾಪಾಡಿತು. ಜೀವಗಳು ಉಳಿದರೂ ಹಡಗಿನಿಂದ ಸೋರಿದ ಇಂಧನ ಸಮುದ್ರದ ಮೇಲೆ ಹರಡಿತು. ಹತ್ತಿರದಲ್ಲಿ ಬೇರೆ ಹಡಗು ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಅಂದು ಜಗತ್ತನ್ನು ಕಾಡಿತು.

ಮುಂದಿನ ವರ್ಷಗಳಲ್ಲಿ ಕಾನೂನು ಬಿಗಿಯಾಯಿತು. ಸುಲಭವಾಗಿ ಕರಗದ, ಟಾರಿನಂತೆ ದಪ್ಪನಾದ ಭಾರ ಇಂಧನ ತೈಲವನ್ನು ಅಂಟಾರ್ಕ್ಟಿಕಾ ಸಮುದ್ರದಲ್ಲಿ 2011ರ ಆಗಸ್ಟ್‌ನಿಂದ ನಿಷೇಧಿಸಲಾಯಿತು. 2017ರ ಜನವರಿ 1ರಿಂದ ಹಡಗುಗಳ ಗಟ್ಟಿತನ, ಸಿಬ್ಬಂದಿಯ ತರಬೇತಿ, ತ್ಯಾಜ್ಯ ವಿಸರ್ಜನೆ ಇವುಗಳನ್ನು ನಿಯಂತ್ರಿಸುವ ಧ್ರುವ ಸಂಹಿತೆ ಜಾರಿಗೆ ಬಂತು. ಉತ್ತರದ ಆರ್ಕ್ಟಿಕ್‌ನಲ್ಲಿ ಭಾರ ತೈಲದ ನಿಷೇಧ 2024ರ ಜುಲೈನಲ್ಲಿ ಆರಂಭವಾದರೂ ಹಲವು ಹಡಗುಗಳಿಗೆ 2029ರವರೆಗೆ ವಿನಾಯಿತಿಗೆ ಅವಕಾಶವಿದೆ. ಸ್ವಾಲ್‌ಬಾರ್ಡ್‌ನಲ್ಲಿ 2025ರಿಂದ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರವಾಸಿಗರ ಹಡಗು ಹೋಗುವಂತಿಲ್ಲ. ಹಿಮಕರಡಿಯಿಂದ 300 ಮೀಟರ್, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್ ದೂರ ಕಾಯ್ದುಕೊಳ್ಳಬೇಕು.

ತೀರದ ಪ್ರಶ್ನೆಗಳು

ಇಷ್ಟೆಲ್ಲ ನಿಯಮಗಳಿದ್ದರೂ ಸಣ್ಣ ಹಡಗು ಎಂದಾಕ್ಷಣ ಅದು ನಿರಪಾಯಕಾರಿ ಎಂದು ತಿಳಿಯುವುದು ತಪ್ಪಾದೀತು. ದೊಡ್ಡ ಹಡಗು ಹೆಚ್ಚು ಇಂಧನ ಸುಟ್ಟರೂ ಅದರ ಪ್ರವಾಸಿಗರು ನೆಲ ಮೆಟ್ಟುವುದಿಲ್ಲ. ಸಣ್ಣ ಹಡಗಿನ ಪ್ರತಿಯೊಬ್ಬನೂ ದಿನಕ್ಕೆ ಎರಡು ಬಾರಿಯಾದರೂ ಇಳಿಯಬಯಸುತ್ತಾನೆ. ಇಂಧನದ ಖರ್ಚನ್ನು ತಲಾವಾರು ಹಂಚಿದರೆ ಕೆಲವೊಮ್ಮೆ ಸಣ್ಣ ಹಡಗಿನ ಲೆಕ್ಕವೇ ಹೆಚ್ಚಾಗಬಹುದು. ಒಂದು ಹಡಗಿಗೆ ಮಿತಿಯಿದೆ, ಒಂದು ದಡಕ್ಕೆ ಮಿತಿಯಿದೆ. ಆದರೆ ಒಟ್ಟು ಎಷ್ಟು ಹಡಗುಗಳು ಹೋಗಬಹುದು ಎಂಬುದಕ್ಕೆ ಮಿತಿಯಿಲ್ಲ. ಒಂದು ಋತುವಿನ ಪ್ರವಾಸಿಗರ ಸಂಖ್ಯೆ ಈಗಾಗಲೇ ಒಂದು ಲಕ್ಷ ದಾಟಿದೆ.

ಹೊಗೆಯ ಮಸಿ ಇನ್ನೊಂದು ಸಮಸ್ಯೆ. ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ಮಸಿ ಕೂತ ಹಿಮ ಬಿಸಿಲನ್ನು ಹೀರಿ ಬೇಗ ಕರಗುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹಡಗು ಮತ್ತಿತರ ಯಂತ್ರಗಳ ಮಸಿಯಿಂದ ಪ್ರತಿ ಪ್ರವಾಸಿಗನ ಲೆಕ್ಕದಲ್ಲಿ ಸುಮಾರು 83 ಟನ್ ಹಿಮ ಅಕಾಲದಲ್ಲಿ ಕರಗುತ್ತದೆ ಎಂದು ಅಂದಾಜು ಮಾಡಿದೆ. ಬೆಂಗಳೂರಿನಿಂದ ಹೊರಡುವವರು ಉಶುವಾಯಾ ತಲುಪಲು ನೇರ ದೂರದ ಲೆಕ್ಕದಲ್ಲಿಯೇ 14 ಸಾವಿರ ಕಿ.ಮೀ. ವಿಮಾನದಲ್ಲಿ ಹಾರಬೇಕು. ಆ ಹೊಗೆ ಬೇರೆ.

ಭಾರತೀಯರಿಗೂ ಈಗ ಈ ವಿಷಯದಲ್ಲಿ ಕಾನೂನಿನ ಹೊಣೆಯಿದೆ. 2022ರಲ್ಲಿ ಸಂಸತ್ತು ಅಂಗೀಕರಿಸಿದ ಭಾರತೀಯ ಅಂಟಾರ್ಕ್ಟಿಕಾ ಕಾಯ್ದೆ ಅನುಮತಿ ಪತ್ರದ ವ್ಯವಸ್ಥೆಯನ್ನು ರೂಪಿಸಿದ್ದು, ಪರಕೀಯ ಸಸ್ಯ-ಪ್ರಾಣಿಗಳನ್ನು ಒಯ್ಯುವುದು, ತ್ಯಾಜ್ಯ ಎಸೆಯುವುದು, ಗಣಿಗಾರಿಕೆ ನಡೆಸುವುದು ಇವೆಲ್ಲವನ್ನೂ ಅಪರಾಧವೆಂದು ಪರಿಗಣಿಸಿದೆ. 2024ರ ಮೇ ತಿಂಗಳಲ್ಲಿ ಕೊಚ್ಚಿಯಲ್ಲಿ ನಡೆದ ಒಪ್ಪಂದ ರಾಷ್ಟ್ರಗಳ 46ನೇ ಸಭೆಯಲ್ಲಿ ಪ್ರವಾಸೋದ್ಯಮಕ್ಕೆ ಸಮಗ್ರ ಚೌಕಟ್ಟು ರೂಪಿಸುವ ಚರ್ಚೆಗೆ ಚಾಲನೆ ದೊರೆಯಿತು.

ಹೋಗಬಯಸುವವರು ಜಾಹೀರಾತಿನ ಹಸಿರು ಬಣ್ಣಕ್ಕೆ ಮರುಳಾಗದೆ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಸಂಸ್ಥೆ ಐಆಟೊ ಸದಸ್ಯತ್ವ ಹೊಂದಿದೆಯೇ? ಹಡಗು ಯಾವ ಇಂಧನ ಸುಡುತ್ತದೆ? ಎಷ್ಟು ಜನರಿಗೆ ಒಬ್ಬ ಮಾರ್ಗದರ್ಶಿ? ತ್ಯಾಜ್ಯ ಎಲ್ಲಿಗೆ ಹೋಗುತ್ತದೆ? ತಿಮಿಂಗಿಲಗಳಿರುವ ಕಡೆ ವೇಗ ತಗ್ಗಿಸುತ್ತದೆಯೇ? ಇವಕ್ಕೆ ನೇರ ಉತ್ತರ ಕೊಡದ ಸಂಸ್ಥೆಯ ಹಡಗು ಎಷ್ಟೇ ಸಣ್ಣದಾದರೂ ಪ್ರಯೋಜನವಿಲ್ಲ.

ನಮ್ಮ ನದಿಗೂ ಅದೇ ನಿಯಮ

ಧ್ರುವಗಳಿಗೆ ಹೋಗುವ ಅವಕಾಶ ನಮ್ಮಲ್ಲಿ ಬಹುತೇಕರಿಗೆ ಸಿಗಲಾರದು. ಆದರೆ ಆ ಶಿಸ್ತು ಹತ್ತಿರದಲ್ಲಿಯೂ ಬೇಕಾಗಿದೆ. ತುಂಗಭದ್ರಾ ನದಿಯ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಪಾತ್ರವನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಆನೆಗೊಂದಿ, ಹಂಪಿಯ ಹರಿಗೋಲು ತೇಲುವುದು ಇದೇ ಪಾತ್ರದಲ್ಲಿ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಐನೂರು ವರ್ಷಗಳ ಹಿಂದೆ ಬುಟ್ಟಿಯಂಥ ಈ ದೋಣಿಗಳನ್ನು ಕಂಡು ದಾಖಲಿಸಿದ್ದಾನೆ. ಬಿದಿರಿನ ಹರಿಗೋಲಿಗೆ ಎಂಜಿನ್ ಇಲ್ಲ, ಹೊಗೆ ಇಲ್ಲ. ಆದರೆ ಅದರಲ್ಲಿ ಕುಳಿತವನು ಎಸೆಯುವ ಪ್ಲಾಸ್ಟಿಕ್ ಬಾಟಲಿ ನೀರುನಾಯಿಯ ಬಂಡೆಗೇ ಹೋಗಿ ತಗಲುತ್ತದೆ.

ಹಡಗು ಸಣ್ಣದೋ ದೊಡ್ಡದೋ ಎನ್ನುವುದಕ್ಕಿಂತ ಅದರಲ್ಲಿ ಕುಳಿತವನು ಅತಿಥಿಯಂತೆ ನಡೆದುಕೊಳ್ಳುತ್ತಾನೋ ಒಡೆಯನಂತೆ ನಡೆದುಕೊಳ್ಳುತ್ತಾನೋ ಎಂಬುದೇ ಮುಖ್ಯ. ಪೆಂಗ್ವಿನ್‌ಗೆ ದಾರಿ ಬಿಟ್ಟು ನಿಲ್ಲುವ ನಿಯಮ ದಕ್ಷಿಣ ಧ್ರುವಕ್ಕೆ ಎಷ್ಟು ಅಗತ್ಯವೋ ತುಂಗಭದ್ರೆಯ ದಡಕ್ಕೂ ಅಷ್ಟೇ ಅಗತ್ಯ. ಇದೇ ನದಿಯ ನೀರು ಕಾಲುವೆಯಾಗಿ ಹರಿದು ನಮ್ಮ ಗದ್ದೆಗಳನ್ನು ತಲುಪುತ್ತದೆ ಎಂಬುದನ್ನು ಮರೆಯಬಾರದು.