ತೆಂಗಿನ ಮರವೇ ಪಾಠಶಾಲೆ

ಸಿ.ಎ. ಆಗಬೇಕಾದವನು ಪುಸ್ತಕ ಓದಿದರಷ್ಟೇ ಸಾಲದು, ಆಡಿಟರ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ ಮಾಡಲೇಬೇಕು. ಇದು ಕಾಮರ್ಸ್ ಮಿತ್ರರಿಗೆಲ್ಲ ಗೊತ್ತು. ಕೆಲಸ ಮಾಡುತ್ತ ಕೆಲಸ ಕಲಿಯುವುದೆಂದರೆ ಇದೇ. ಆದರೆ ತೋಟದ ಕೂಲಿಯಾಳಿನ ಮಾತು ಬಂದಾಗ, "ಅವನಿಗೇನ್ರೀ ಕಲಿಸೋದು, ಹುಟ್ಟಿನಿಂದಲೇ ಬರುತ್ತೆ" ಅಂತ ಹೇಳಿಬಿಡ್ತೇವೆ.

ತೆಂಗಿನ ಮರ ಹತ್ತುವುದನ್ನೇ ನೋಡೋಣ. ಮುಂಬಯಿಯಲ್ಲಿ ಚಟ್ನಿಗೆ ಕಾಯಿ ತುರಿಯುವ ನಮಗೆ ಅದನ್ನು ಕಿತ್ತವನ ನೆನಪು ಬರುವುದಿಲ್ಲ. ಕಾಲಿಗೆ ಹಗ್ಗದ ಕುಣಿಕೆ ಹಾಕಿ ಹತ್ತುವ ಈ ಕೆಲಸ ಕೆಲವು ಸಮುದಾಯಗಳ ಕುಲಕಸುಬಾಗಿತ್ತು. ಬಿದ್ದರೆ ಜೀವಕ್ಕೇ ಅಪಾಯ, ಗೌರವವೂ ಅಷ್ಟಕ್ಕಷ್ಟೆ. ಮಕ್ಕಳು ಬೇರೆ ಉದ್ಯೋಗ ಹಿಡಿದರು. ಕೇರಳದಲ್ಲಿ ಮರ ಹತ್ತುವವರೇ ಸಿಗದಂತಾಯಿತು.

ಆಗ, 2011ರಲ್ಲಿ, ಕೊಚ್ಚಿಯ ತೆಂಗು ಅಭಿವೃದ್ಧಿ ಮಂಡಳಿ 'ತೆಂಗಿನ ಮರದ ಗೆಳೆಯರು' ಎಂಬ ತರಬೇತಿ ಆರಂಭಿಸಿತು. ಆರು ದಿನದ ಕಲಿಕೆ. ಕಲಿತವರಿಗೆ ಮರ ಹತ್ತುವ ಯಂತ್ರ, ಜೊತೆಗೆ ಅಪಘಾತ ವಿಮೆ.

ಯಂತ್ರದಲ್ಲಿ ಎರಡು ಲೋಹದ ಚೌಕಟ್ಟು, ಒಂದೊಂದು ಕಾಲಿಗೆ ಒಂದೊಂದು. ಎರಡಕ್ಕೂ ಮರವನ್ನು ಸುತ್ತುವ ತಂತಿಹಗ್ಗ. ಒಂದು ಕಾಲಿನ ಮೇಲೆ ಭಾರ ಬಿಟ್ಟಾಗ ಆ ಹಗ್ಗ ಕಾಂಡವನ್ನು ಬಿಗಿಯಾಗಿ ಹಿಡಿಯುತ್ತದೆ. ಅಷ್ಟರಲ್ಲಿ ಇನ್ನೊಂದನ್ನು ಮೇಲಕ್ಕೆ ಸರಿಸಬೇಕು. ಓದಲು ಸುಲಭ. ಆದರೆ ಭಾರ ಯಾವಾಗ ಯಾವ ಕಾಲಿಗೆ ಅನ್ನೋದು ಕರಿಹಲಗೆಯಿಂದ ಬರುವ ವಿದ್ಯೆಯಲ್ಲ, ಮರದ ಮೇಲೆಯೇ ಕಲಿಯತಕ್ಕದ್ದು.

ಹತ್ತುವುದಷ್ಟೇ ಅಲ್ಲ. ಬಲಿತ ಕಾಯಿ ಯಾವುದು, ಎಳನೀರು ಯಾವುದು, ತಲೆಭಾಗ ಶುಚಿ ಮಾಡುವುದು ಹೇಗೆ, ಕೆಂಪು ಮೂತಿ ಹುಳು ಬಿದ್ದಿದ್ದರೆ ಗುರುತೇನು, ಇವೂ ಪಾಠವೇ. ಹೀಗೆ ಕಾಯಿ ಕೀಳುವವನು ಮರದ ವೈದ್ಯನೂ ಆಗುತ್ತಾನೆ. ಮಹಿಳೆಯರೂ ಕಲಿತು ಮರ ಹತ್ತಿದರು. ಕುಲದಿಂದ ಬರುತ್ತಿದ್ದ ಕಸುಬು ಯಾರು ಬೇಕಾದರೂ ಆರಿಸಿಕೊಳ್ಳಬಹುದಾದ ಉದ್ಯೋಗವಾಯಿತು. ನನ್ನ ದೃಷ್ಟಿಯಲ್ಲಿ ಯಂತ್ರಕ್ಕಿಂತ ದೊಡ್ಡ ಬದಲಾವಣೆ ಇದು.

ಇನ್ನು ಲೆಕ್ಕದ ಮಾತು. ದಿನಗೂಲಿಯವನು ಕಲಿಯಲು ಬಂದರೆ ಅಷ್ಟು ದಿನದ ದುಡಿಮೆ ಖೋತಾ. ಯಾವುದೇ ಊರಿನಲ್ಲಿ ಇಂಥ ತರಬೇತಿ ನಡೆಸುವುದಾದರೆ ಆ ಕೂಲಿಯನ್ನೂ ಖರ್ಚಿಗೆ ಹಿಡಿಯಬೇಕು. ಇಲ್ಲದಿದ್ದರೆ ತೀರ ಬಡವನು ಬರುವುದೇ ಇಲ್ಲ. ಯಂತ್ರದ ಸವಕಳಿಯನ್ನು ನಾವು ತಪ್ಪದೆ ಖಾತೆಗೆ ಬರೆಯುತ್ತೇವೆ. ಮರ ಹತ್ತುವವನ ಮೊಣಕಾಲು ಸವೆದದ್ದನ್ನು ಯಾವ ಖಾತೆಗೆ ಬರೆಯೋಣ? ಬರೀ ಸರ್ಟಿಫಿಕೇಟು ಕೊಟ್ಟು ಕಳಿಸಿದರೆ ಸಾಲದು. ಕಲಿತ ಕೈಗೆ ಹೆಚ್ಚಿನ ಕೂಲಿ ಸಿಗಬೇಕು, ವಿಮೆ ವರ್ಷ ವರ್ಷವೂ ಮುಂದುವರಿಯಬೇಕು.