ಆಕಾಶದ ಅರಿವು: ಒಂದು ಸ್ವಪರೀಕ್ಷೆ

ನಲವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದೊತ್ತಡವನ್ನೂ ರಕ್ತದಲ್ಲಿನ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳುವುದು ಈಗ ರೂಢಿಯಾಗಿದೆ. ಬಂದ ಅಂಕಿ ಹಿತಕರವಲ್ಲದಿದ್ದರೂ ಅದನ್ನು ಯಾರೂ ಅವಮಾನವೆಂದು ಬಗೆಯುವುದಿಲ್ಲ. ಪಥ್ಯವೇನು, ಔಷಧವೇನು ಎಂದು ವಿಚಾರಿಸುತ್ತಾರೆ. ತಿಳಿವಳಿಕೆಯ ಪರೀಕ್ಷೆಯಲ್ಲಿ ಮಾತ್ರ ಈ ವಿವೇಕ ಕೈಕೊಡುತ್ತದೆ. ಶಾಲೆ ಬಿಟ್ಟು ಮೂವತ್ತು ವರ್ಷಗಳಾಗಿದ್ದರೂ ಕಡಿಮೆ ಅಂಕವೆಂದರೆ ಮನಸ್ಸು ಕುಗ್ಗುತ್ತದೆ. "ಚಂದ್ರ ಯಾಕೆ ಸಣ್ಣಗಾಗ್ತಾನೆ?" ಎಂದು ಮಗು ಕೇಳಿದಾಗ ಹಿರಿಯರು ಮಾತು ಮರೆಸುವುದು ಎಷ್ಟೋ ಸಲ ಈ ಅಳುಕಿನಿಂದಲೇ.

ಆ ಅಳುಕನ್ನು ಕಳೆಯುವ ಒಂದು ಸಣ್ಣ ಪರೀಕ್ಷೆ ಇಲ್ಲಿದೆ. ಪ್ರತಿಯೊಂದು ಹೇಳಿಕೆಯೂ ಸರಿಯೋ ತಪ್ಪೋ ಎಂಬುದನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಬೇಕು. ಉತ್ತರವು ನಿಶ್ಚಯವೋ ಬರಿಯ ಊಹೆಯೋ ಎಂಬುದನ್ನೂ ಪಕ್ಕದಲ್ಲಿ ಗುರುತಿಸಿಡಬೇಕು.

1. ಬೇಸಗೆಯಲ್ಲಿ ಭೂಮಿಯು ಸೂರ್ಯನಿಗೆ ಹತ್ತಿರವಾಗುವುದರಿಂದ ಸೆಕೆ ಹೆಚ್ಚುತ್ತದೆ.
2. ಕೃಷ್ಣಪಕ್ಷದಲ್ಲಿ ಚಂದ್ರನು ಕ್ಷೀಣಿಸುವುದು ಭೂಮಿಯ ನೆರಳಿನಿಂದ.
3. ಮುಂಜಾನೆಯ ಬೆಳ್ಳಿಯೂ ಸಂಜೆಯ ಬೆಳ್ಳಿಯೂ ಒಂದೇ.
4. ಇರುಳಿನ ಆಕಾಶದಲ್ಲಿ ಎಲ್ಲಕ್ಕಿಂತ ಪ್ರಕಾಶಮಾನವಾದ ನಕ್ಷತ್ರ ಧ್ರುವ.
5. ಧ್ರುವ ನಕ್ಷತ್ರವು ಬೆಂಗಳೂರಿಗಿಂತ ದೆಹಲಿಯಲ್ಲಿ ಹೆಚ್ಚು ಎತ್ತರದಲ್ಲಿ ಕಾಣುತ್ತದೆ.
6. ವರ್ಷದಲ್ಲಿ ಒಂದು ದಿನವಾದರೂ ಸೂರ್ಯನು ದೆಹಲಿಯಲ್ಲಿ ನಡುನೆತ್ತಿಯ ಮೇಲೆ ಬರುತ್ತಾನೆ.
7. ಸೂರ್ಯನು ಉತ್ತರದ ಕಡೆಗೆ ತಿರುಗುವುದು ಮಕರ ಸಂಕ್ರಾಂತಿಯ ದಿನ.
8. ಸೌರವ್ಯೂಹದ ಗ್ರಹಗಳು ಎಂಟು.

ಉತ್ತರಗಳು

1. ತಪ್ಪು. ಭೂಮಿಯು ಸೂರ್ಯನಿಗೆ ಅತಿ ಸಮೀಪವಿರುವುದು ಜನವರಿಯ ಮೊದಲ ವಾರದಲ್ಲಿ: ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರದಲ್ಲಿ ಆ ದೂರ 15.2 ಕೋಟಿ. ಋತುಗಳಿಗೆ ಕಾರಣ ಭೂಮಿಯ ಅಕ್ಷವು ಸುಮಾರು 23.5 ಡಿಗ್ರಿ ಓರೆಯಾಗಿರುವುದು. ಈ ಓರೆಯಿಂದಾಗಿ ಬೇಸಗೆಯಲ್ಲಿ ಕಿರಣಗಳು ಹೆಚ್ಚು ನೆಟ್ಟಗೆ ಬೀಳುತ್ತವೆ, ಹಗಲೂ ದೀರ್ಘವಾಗುತ್ತದೆ.

2. ತಪ್ಪು. ಚಂದ್ರನ ಅರ್ಧಭಾಗ ಸದಾ ಬಿಸಿಲಿನಲ್ಲಿರುತ್ತದೆ. ಅದರಲ್ಲಿ ಎಷ್ಟು ಪಾಲು ನಮ್ಮ ಕಡೆಗಿದೆ ಎಂಬುದೇ ದಿನದಿನಕ್ಕೂ ಬದಲಾಗುವುದು. ಭೂಮಿಯ ನೆರಳು ಅವನ ಮೇಲೆ ಬೀಳುವುದು ಚಂದ್ರಗ್ರಹಣದಲ್ಲಿ ಮಾತ್ರ.

3. ಸರಿ. ಎರಡೂ ಶುಕ್ರಗ್ರಹವೇ.

4. ತಪ್ಪು. ಆ ಪಟ್ಟ ಲುಬ್ಧಕನದು. ಪ್ರಕಾಶದಲ್ಲಿ ಧ್ರುವನ ಸ್ಥಾನ ಐವತ್ತರ ಆಸುಪಾಸು. ಅವನ ಹಿರಿಮೆ ಬೆಳಕಿನಲ್ಲಿಲ್ಲ, ಕದಲದಂತೆ ತೋರುವ ನೆಲೆಯಲ್ಲಿದೆ.

5. ಸರಿ. ಊರಿನ ಅಕ್ಷಾಂಶ ಎಷ್ಟೋ, ದಿಗಂತದಿಂದ ಧ್ರುವನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿನಲ್ಲಿ ಅದು ಸುಮಾರು 13 ಡಿಗ್ರಿ, ಮುಂಬಯಿಯಲ್ಲಿ 19, ದೆಹಲಿಯಲ್ಲಿ 28ಕ್ಕೂ ಮಿಗಿಲು. ಊರು ಬಿಟ್ಟು ಉತ್ತರಕ್ಕೆ ಬಂದ ಕನ್ನಡಿಗನು ಎಷ್ಟು ದೂರ ಬಂದಿದ್ದಾನೆಂಬುದನ್ನು ಧ್ರುವನೇ ಹೇಳುತ್ತಾನೆ.

6. ತಪ್ಪು. ಸೂರ್ಯನು ನಡುನೆತ್ತಿಗೆ ಬರುವ ಉತ್ತರದ ಕೊನೆಯ ಎಲ್ಲೆ 23.5 ಡಿಗ್ರಿ ಅಕ್ಷಾಂಶ. ದೆಹಲಿ ಅದಕ್ಕಿಂತ ಉತ್ತರದಲ್ಲಿದೆ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ವರ್ಷಕ್ಕೆ ಎರಡು ದಿನ ನೆಟ್ಟ ಕೋಲಿನ ನೆರಳು ಮಧ್ಯಾಹ್ನ ಬುಡದಲ್ಲೇ ಅಡಗುತ್ತದೆ.

7. ತಪ್ಪು. ಈ ತಿರುವು ಡಿಸೆಂಬರ್ 21 ಅಥವಾ 22ರಂದು. ಸುಮಾರು 1,700 ವರ್ಷಗಳ ಹಿಂದೆ ಇದೂ ಸಂಕ್ರಾಂತಿಯೂ ಒಂದೇ ದಿನ ಕೂಡಿ ಬರುತ್ತಿದ್ದವು. ಭೂಮಿಯ ಅಕ್ಷವು ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ ಅವು ಬೇರೆಯಾದವು.

8. ಸರಿ. 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಪ್ಲೂಟೋವನ್ನು ಕುಬ್ಜಗ್ರಹಗಳ ಸಾಲಿಗೆ ಸೇರಿಸಿತು. ಹಿಂದೆ ಶಾಲೆಯಲ್ಲಿ "ಒಂಬತ್ತು" ಎಂದು ಬರೆದು ಪೂರ್ಣಾಂಕ ಪಡೆದವರಿಗೆ ಇಂದು ಇಲ್ಲಿ ಸೊನ್ನೆ. ಇದು ಅವರ ತಪ್ಪಲ್ಲ. ವಿಜ್ಞಾನದ ನಡೆಯೇ ಹಾಗೆ.

ಅಂಕ ಕಡಿಮೆ ಬಂದರೆ

ಏನೂ ತಿಳಿಯದೆ ನಾಣ್ಯ ಚಿಮ್ಮಿ ಉತ್ತರಿಸಿದವನಿಗೂ ಇಂತಹ ಪರೀಕ್ಷೆಯಲ್ಲಿ ಸರಾಸರಿ ನಾಲ್ಕು ಅಂಕ ದೊರೆಯುತ್ತದೆ. ಆದ್ದರಿಂದ ಐದು ಬಂದವರು ಬೀಗಬೇಕಿಲ್ಲ, ಎರಡು ಬಂದವರು ಬಾಡಬೇಕಿಲ್ಲ. ನಿಶ್ಚಯವೆಂದು ಬರೆದೂ ತಪ್ಪಿದ ಉತ್ತರಗಳ ಹಿಂದೆ ಸಾಮಾನ್ಯವಾಗಿ ಒಂದು ತರ್ಕವಿರುತ್ತದೆ. ಒಲೆಯ ಹತ್ತಿರ ಕುಳಿತರೆ ಕಾವು ಹೆಚ್ಚು; ಆದುದರಿಂದ ಸೂರ್ಯ ಹತ್ತಿರವಾದರೆ ಬೇಸಗೆ. ನಿಯಮ ಸುಳ್ಳಲ್ಲ, ಅದನ್ನು ಅನ್ವಯಿಸಿದ ಎಡೆ ಸರಿಯಲ್ಲ. ಇಂತಹ ತಪ್ಪು ಬುದ್ಧಿಯ ಕೊರತೆಯಲ್ಲ, ಬುದ್ಧಿ ಕೆಲಸ ಮಾಡಿದುದರ ಗುರುತು.

ಇದರಲ್ಲಿ ಒಳ್ಳೆಯ ಜೊತೆಗಾರರೂ ಇದ್ದಾರೆ. 1987ರಲ್ಲಿ ಅಮೆರಿಕದಲ್ಲಿ ತಯಾರಾದ ‘ಎ ಪ್ರೈವೇಟ್ ಯೂನಿವರ್ಸ್’ ಎಂಬ ಸಾಕ್ಷ್ಯಚಿತ್ರಕ್ಕಾಗಿ ಹಾರ್ವರ್ಡ್ ವಿಶ್ವವಿದ್ಯಾಲಯದ 23 ಮಂದಿಯನ್ನು, ಪದವೀಧರರೂ ಅಧ್ಯಾಪಕರೂ ಸೇರಿದಂತೆ, ಋತುಗಳ ಅಥವಾ ಚಂದ್ರನ ಕಲೆಗಳ ಕಾರಣವನ್ನು ಕುರಿತು ಪ್ರಶ್ನಿಸಲಾಯಿತು. 21 ಮಂದಿಯ ಉತ್ತರದಲ್ಲಿ ತಪ್ಪು ಕಲ್ಪನೆಗಳಿದ್ದವು.

ಪಥ್ಯವೇನು?

ಉತ್ತರವನ್ನು ಬಾಯಿಪಾಠ ಮಾಡುವುದರಿಂದ ಹಳೆಯ ಕಲ್ಪನೆ ಅಳಿಯುವುದಿಲ್ಲ. ಕಣ್ಣಾರೆ ಕಂಡರೆ ಅಳಿಯುತ್ತದೆ. ನಗರದ ದೀಪಗಳು ಮಂದ ನಕ್ಷತ್ರಗಳನ್ನು ನುಂಗಿರುವುದು ನಿಜ. ಆದರೆ ಚಂದ್ರ, ಶುಕ್ರ, ಗುರು, ಲುಬ್ಧಕರನ್ನು ಯಾವ ಮಹಾನಗರವೂ ಮುಚ್ಚಲಾರದು. ಅಮಾವಾಸ್ಯೆಯ ಮೂರನೆಯ ಸಂಜೆಯಿಂದ ಹುಣ್ಣಿಮೆಯವರೆಗೆ ದಿನಕ್ಕೆ ಐದು ನಿಮಿಷ ಮಹಡಿಯ ಮೇಲೆ ನಿಂತು, ಚಂದ್ರನ ಬೆಳಗಿದ ಅಂಚು ಸೂರ್ಯ ಮುಳುಗಿದ ದಿಕ್ಕಿಗೇ ಮುಖ ಮಾಡಿರುವುದನ್ನು ಗಮನಿಸಿದರೆ ಎರಡನೆಯ ಪ್ರಶ್ನೆ ಮತ್ತೆ ತಪ್ಪುವುದಿಲ್ಲ. ಸೂರ್ಯನನ್ನು ಮಾತ್ರ ನೇರವಾಗಿ ನೋಡಬಾರದು, ಕಣ್ಣಿಗೆ ಹಾನಿ. ಅವನನ್ನು ಅರಿಯಲು ಕೋಲಿನ ನೆರಳು ಸಾಕು.

ಮುಂಬಯಿಯಲ್ಲಿ 1977ರಲ್ಲಿ, ದೆಹಲಿಯಲ್ಲಿ 1984ರಲ್ಲಿ, ಹೈದರಾಬಾದಿನಲ್ಲಿ 1985ರಲ್ಲಿ, ಚೆನ್ನೈಯಲ್ಲಿ 1988ರಲ್ಲಿ ತಾರಾಲಯಗಳು ಆರಂಭವಾದವು. ಪುಣೆಯ ಹವ್ಯಾಸಿ ಖಗೋಳಾಸಕ್ತರ ಸಂಸ್ಥೆ ಜ್ಯೋತಿರ್ವಿದ್ಯಾ ಪರಿಸಂಸ್ಥಾ 1944ರಷ್ಟು ಹಳೆಯದು.

ಇವೆಲ್ಲಕ್ಕಿಂತ ಮುಖ್ಯವಾದ ಔಷಧ ಮನೆಯಲ್ಲೇ ಇದೆ. ಮಗು ಕೇಳಿದಾಗ "ಗೊತ್ತಿಲ್ಲ, ಬಾ ನೋಡೋಣ" ಎಂದು ಕೈಹಿಡಿದು ಹೊರಗೆ ಕರೆದೊಯ್ಯುವ ತಂದೆತಾಯಿಗಳು ಆ ಮಗುವಿಗೆ ಎಂಟು ಉತ್ತರಗಳಿಗಿಂತ ದೊಡ್ಡದನ್ನು ಕಲಿಸುತ್ತಾರೆ: ತಿಳಿಯದಿರುವುದು ನಾಚಿಕೆಯಲ್ಲ, ಕೇಳದಿರುವುದೇ ನಷ್ಟ. ಎರಡು ತಿಂಗಳ ಬಳಿಕ ಇದೇ ಎಂಟು ಹೇಳಿಕೆಗಳನ್ನು ಮನೆಯವರೆಲ್ಲ ಕೂಡಿ ಮತ್ತೊಮ್ಮೆ ನೋಡಬಹುದು. ಆಗ ಅಂಕಕ್ಕಿಂತ ಮೊದಲು ಗಮನಿಸಬೇಕಾದುದು, ‘ಊಹೆ’ ಎಂಬ ಗುರುತುಗಳು ಎಷ್ಟು ಕಡಿಮೆಯಾಗಿವೆ ಎಂಬುದನ್ನು.