ಆಕಾಶದ ಫೋಟೋ ತೆಗೆಯೋ ಆಸೆ ಐತೇನು? ಟೆಲಿಸ್ಕೋಪ್ ಕೊಳ್ಳೋ ಮುಂಚೆ ಇದನ್ನ ಓದ್ರಿ

ಬೆಳಗಾವಿ: ಹುಣ್ಣಿಮೆ ಬಂತಂದ್ರ ವಾಟ್ಸಾಪ್ ಸ್ಟೇಟಸ್ ತುಂಬ ಚಂದ್ರನ ಫೋಟೋ. ಆದರೆ ಅದು ಚಂದ್ರನೋ, ಓಣಿ ಲೈಟೋ ಅಂತ ಹೇಳೋದು ಕಷ್ಟ. ಬಿಳಿ ಉಂಡೆ ಒಂದು ಕಾಣತದ ಅಷ್ಟ. ಆವಾಗ ಹುಡುಗರ ತಲೆಯಾಗ ಬರೋ ಮೊದಲ ವಿಚಾರ, ‘ಒಂದು ಟೆಲಿಸ್ಕೋಪ್ ತಗೊಂಡ್ರ ಎಲ್ಲಾ ಸರಿ ಆಗತದ’.

ಈ ವರದಿಗಾರನಿಗೂ ಹಾಗೇ ಅನಿಸಿತ್ತು. ಎಂಟು ಸಾವಿರ ಕೂಡಿಟ್ಟು ಆನ್‌ಲೈನ್‌ನಲ್ಲಿ ಒಂದು ತರಿಸಿದೆ. ಡಬ್ಬಿ ಮೇಲೆ ‘525 ಪಟ್ಟು ದೊಡ್ಡದಾಗಿ ತೋರಿಸುತ್ತದೆ’ ಅಂತ ಬರೆದಿತ್ತು. ಮಾಳಿಗೆ ಮೇಲೆ ಇಟ್ಟು ನೋಡಿದರೆ ಮಸುಕು ಮಸುಕು. ಮುಟ್ಟಿದರೆ ಸ್ಟ್ಯಾಂಡ್ ನಡುಗತಿತ್ತು. ಎರಡು ತಿಂಗಳು ಅದು ಅಟ್ಟದ ಮೇಲೆ ಇತ್ತು. ತಪ್ಪು ಎಲ್ಲಾಯ್ತು ಅಂತ ಆಮೇಲೆ ಓದಿ ತಿಳಕೊಂಡಿದ್ದನ್ನೇ ಇಲ್ಲಿ ಬರೀತಿದ್ದೇನೆ. ನಿಮ್ಮ ದುಡ್ಡಾದರೂ ಉಳೀಲಿ.

525 ಪಟ್ಟಿನ ಲೆಕ್ಕ ಏನು?

ಲೆಕ್ಕ ಸುಲಭ ಐತಿ. ಟೆಲಿಸ್ಕೋಪಿನ ಫೋಕಲ್ ಲೆಂತ್ ಅನ್ನು ಕಣ್ಣಿಡೋ ಐಪೀಸ್‌ನ ಅಳತೆಯಿಂದ ಭಾಗಿಸಿದರೆ ಎಷ್ಟು ಪಟ್ಟು ಅಂತ ಸಿಗತದ. 700 ಮಿ.ಮೀ ಟೆಲಿಸ್ಕೋಪಿಗೆ 20 ಮಿ.ಮೀ ಐಪೀಸ್ ಹಾಕಿದರೆ 35 ಪಟ್ಟು. 4 ಮಿ.ಮೀ ಹಾಕಿ, ಮೇಲೆ ಮೂರು ಪಟ್ಟಿನ ಬಾರ್ಲೋ ಲೆನ್ಸ್ ಹಾಕಿದರೆ 525. ಕಾಗದದ ಮೇಲೆ ಲೆಕ್ಕ ಸರಿ. ಆದರೆ ಮುಂದಿನ ಗಾಜು 70 ಮಿ.ಮೀ ಅಗಲ ಇದ್ದರೆ, ಚೆನ್ನಾಗಿ ಕಾಣೋದು ಹೆಚ್ಚಂದ್ರ 140 ಪಟ್ಟಿನವರೆಗೆ. ಅಗಲ ಎಷ್ಟು ಮಿ.ಮೀ ಐತೋ ಅದರ ಎರಡು ಪಟ್ಟು, ಅಷ್ಟೇ ಮಿತಿ. ಅದರ ಮೇಲೆ ಹೋದರೆ ಮಸುಕನ್ನೇ ದೊಡ್ಡದು ಮಾಡಿದಂಗ.

ಅದಕ್ಕೆ ಕೊಳ್ಳುವಾಗ ‘ಎಷ್ಟು ಪಟ್ಟು’ ಅಂತ ಕೇಳಬ್ಯಾಡ್ರಿ. ‘ಗಾಜು ಅಥವಾ ಕನ್ನಡಿ ಎಷ್ಟು ಅಗಲ, ಸ್ಟ್ಯಾಂಡ್ ಎಷ್ಟು ಗಟ್ಟಿ’ ಅಂತ ಕೇಳ್ರಿ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚಂದ್ರ 7 ಮಿ.ಮೀ ಅರಳತದ. 70 ಮಿ.ಮೀ ಗಾಜು ಅದಕ್ಕಿಂತ 100 ಪಟ್ಟು ಬೆಳಕು ಹಿಡೀತದ. 150 ಮಿ.ಮೀ ಕನ್ನಡಿ ಆ 70ರ ಗಾಜಿಗಿಂತ ನಾಲ್ಕೂವರೆ ಪಟ್ಟು ಹೆಚ್ಚು ಹಿಡೀತದ.

ಮೊದಲು ಇದ್ದದ್ದರಲ್ಲೇ ಶುರು ಮಾಡ್ರಿ

ಆಕಾಶದ ಫೋಟೋಕ್ಕೆ ಟೆಲಿಸ್ಕೋಪ್ ಬೇಕೇ ಬೇಕು ಅಂತಿಲ್ಲ. 2024ರಲ್ಲಿ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಬಂದಾಗ ಬೆಂಗಳೂರಿನಲ್ಲಿ ಎಷ್ಟೋ ಮಂದಿ ಸಾದಾ ಕ್ಯಾಮೆರಾದಲ್ಲೇ ಅದನ್ನು ಹಿಡಿದಿದ್ದರು.

ಮದುವೆ ಫೋಟೋ ತೆಗೆಯೋ ಗೆಳೆಯನ ಹತ್ತಿರ ಡಿಎಸ್‌ಎಲ್‌ಆರ್, ಟ್ರೈಪಾಡ್ ಇದ್ದರೆ ಸಾಕು. 18 ಮಿ.ಮೀ ಕಿಟ್ ಲೆನ್ಸ್, ಐಎಸ್‌ಒ 1600 ಅಥವಾ 3200, 15 ಸೆಕೆಂಡ್. ಫೋಕಸ್ ಕೈಯಿಂದಲೇ ಮಾಡಬೇಕು. ಆಟೋ ಬಿಟ್ಟರೆ ಕತ್ತಲಲ್ಲಿ ಅದು ತಡಕಾಡತದ. 15 ಸೆಕೆಂಡ್‌ಗಿಂತ ಬಹಳ ಹೆಚ್ಚು ಬಿಟ್ಟರೆ ಭೂಮಿ ತಿರುಗೋದರಿಂದ ಚುಕ್ಕಿಗಳು ಗೆರೆ ಆಗತಾವ. ಒಂದೇ ಜಾಗದ 16 ಫೋಟೋ ತೆಗೆದು ಸಿರಿಲ್ ಅಥವಾ ಡೀಪ್ ಸ್ಕೈ ಸ್ಟ್ಯಾಕರ್‌ನಂಥ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಕೂಡಿಸಿದರೆ ಫೋಟೋದ ಕಾಳುಕಾಳು ನಾಲ್ಕನೇ ಒಂದು ಭಾಗಕ್ಕೆ ಇಳೀತದ.

ಎಳ್ಳಮಾಸಿಗೆ ಚರಗ ಚೆಲ್ಲಾಕ ಹೊಲಕ್ಕ ಹೋಗತೀರಲ್ಲ, ಅವತ್ತೇ ಮುಹೂರ್ತ. ಚಂದ್ರ ಇರಂಗಿಲ್ಲ, ಆಕಾಶ ಶುಭ್ರ. ರಾತ್ರಿ ಎಂಟಕ್ಕೆ ಪೂರ್ವಕ್ಕ ಸಾಲಾಗಿ ಮೂರು ಚುಕ್ಕಿ ಕಾಣತಾವ. ಅವುಗಳ ಪಕ್ಕದಾಗೇ ಸಣ್ಣ ಮಬ್ಬು ಕಲೆ ಒಂದು ಐತಿ. ಅದೇ ಒರಾಯನ್ ನೀಹಾರಿಕೆ, ಹೊಸ ನಕ್ಷತ್ರ ಹುಟ್ಟೋ ಜಾಗ.

ಕೊಳ್ಳೋದಾದರೆ ಯಾವುದು?

* ಮೊದಲ ಮೆಟ್ಟಿಲು 10x50 ದುರ್ಬೀನು. ಗೋಡೆಗೆ ಆತು ಕೈ ಅಲುಗದಂಗ ಹಿಡಿದರೆ ಗುರುಗ್ರಹದ ನಾಲ್ಕು ಚಂದ್ರರು ಕಾಣತಾರ. ಗೆಲಿಲಿಯೋ 1610ರಲ್ಲಿ ಕಂಡಿದ್ದೂ ಇವರನ್ನೇ.
* ಚಂದ್ರ, ಶನಿಯ ಉಂಗುರ, ಗುರು ನೋಡಬೇಕು, ಮೊಬೈಲ್‌ನಲ್ಲಿ ಫೋಟೋ ತೆಗೀಬೇಕು ಅಂದ್ರ 130 ಅಥವಾ 150 ಮಿ.ಮೀ ಡಾಬ್ಸೋನಿಯನ್. ನೆಲದ ಮೇಲೆ ಕೂರತದ, ನಡುಗಂಗಿಲ್ಲ. ಜೊತೆಗೆ ಮೊಬೈಲ್ ಹಿಡಿಯೋ ಅಡಾಪ್ಟರ್ ತಗೋರಿ. ಗ್ರಹಗಳಿಗೆ ಫೋಟೋಕ್ಕಿಂತ ವಿಡಿಯೋ ಮಾಡಿ, ಅದರಲ್ಲಿನ ಒಳ್ಳೆ ಫ್ರೇಮ್ ಕೂಡಿಸೋದು ಲೇಸು.
* ನೀಹಾರಿಕೆ, ಗೆಲಾಕ್ಸಿಗಳ ಬಣ್ಣದ ಫೋಟೋಕ್ಕೆ ಡಾಬ್ಸೋನಿಯನ್ ಸಾಲಂಗಿಲ್ಲ. ಚುಕ್ಕಿ ಜೊತೆ ತಾನೂ ತಿರುಗೋ ಈಕ್ವಟೋರಿಯಲ್ ಮೌಂಟ್ ಬೇಕು. ದುಡ್ಡಿನ ದೊಡ್ಡ ಪಾಲು ಇಲ್ಲೇ ಹಾಕಬೇಕು. ಟೆಲಿಸ್ಕೋಪ್ ಚಿಕ್ಕದಿದ್ದರೂ ನಡೀತದ.

ನಮ್ಮ ಕಡೆಯವರು ಮರೀಬಾರದ ಮಾತೊಂದು ಐತಿ. ಈ ಮೌಂಟಿನ ಅಕ್ಷ ಧ್ರುವ ನಕ್ಷತ್ರದ ಕಡೆ ಮುಖ ಮಾಡಬೇಕು. ಬೆಳಗಾವಿಯಲ್ಲಿ ಧ್ರುವ ನಕ್ಷತ್ರ ಕಾಣೋದು ದಿಗಂತದಿಂದ ಸುಮಾರು 16 ಡಿಗ್ರಿ ಮೇಲೆ ಮಾತ್ರ. ಹೊರದೇಶದವರ ಲೆಕ್ಕಕ್ಕೆ ಮಾಡಿದ ಕೆಲವು ಮೌಂಟ್ ಇಷ್ಟು ಕೆಳಗೆ ಬಾಗಂಗಿಲ್ಲ. ದುಡ್ಡು ಕೊಡೋ ಮುಂಚೆ ಕೇಳ್ರಿ. ಹಂಗೇ ಡಿಎಸ್‌ಎಲ್‌ಆರ್ ಸಿಕ್ಕಿಸಿದರೆ ಫೋಕಸ್ ಆಗತದೋ ಇಲ್ಲೋ ಅದನ್ನೂ ಕೇಳ್ರಿ. ಕನ್ನಡಿಯ ಅಗ್ಗದ ಟೆಲಿಸ್ಕೋಪ್ ಬಹಳಷ್ಟರಲ್ಲಿ ಆಗಂಗಿಲ್ಲ.

ಇನ್ನೊಂದು, ಟೆಲಿಸ್ಕೋಪಿನಿಂದಾಗಲಿ ದುರ್ಬೀನಿನಿಂದಾಗಲಿ ಸೂರ್ಯನ ಕಡೆ ನೋಡಬ್ಯಾಡ್ರಿ. ಒಂದು ಕ್ಷಣಕ್ಕೇ ಕಣ್ಣು ಹೋಗತದ. ಮಕ್ಕಳಿದ್ದ ಮನೆಯವರು ಹಗಲು ಹೊತ್ತು ಮುಚ್ಚಿಡ್ರಿ.

ಖಾನಾಪುರಕ್ಕೆ ಯಾಕ ಹೋಗಬೇಕು?

ಬೆಳಗಾವಿ ಊರೊಳಗೆ ಚಂದ್ರ, ಗ್ರಹಗಳ ಫೋಟೋ ಮಾಳಿಗೆ ಮೇಲಿಂದಲೇ ತೆಗೀಬಹುದು. ಆಕಾಶಗಂಗೆ ಬೇಕಂದ್ರ ಖಾನಾಪುರ ಕಡೆ ಗಾಡಿ ತಿರುಗಿಸಬೇಕು. ಕಾರಣ ಬರೀ ಕಾಡಲ್ಲ, ದಿಕ್ಕೂ ಐತಿ. ಖಾನಾಪುರದಿಂದ ನೋಡಿದರೆ ಬೆಳಗಾವಿಯ ಬೆಳಕು ಉತ್ತರಕ್ಕ ಬೀಳತದ. ಆಕಾಶಗಂಗೆಯ ದಟ್ಟ ಭಾಗ ವೃಶ್ಚಿಕ, ಧನು ರಾಶಿ ಕಡೆ ಐತಿ. ಅದು ಏರೋದು ದಕ್ಷಿಣದ ಕಡೆ, ಲೋಂಡಾ ಕಾಡಿನ ಮೇಲೆ. ಮಾರ್ಚ್‌ನಲ್ಲಿ ಬೆಳಗಿನ ಜಾವ ಮೂರು ನಾಲ್ಕಕ್ಕೆ, ಮೇನಲ್ಲಿ ರಾತ್ರಿ ಹನ್ನೊಂದರ ಮೇಲೆ ಚಲೋ ಕಾಣತದ. ಜೂನ್ ಬಂತಂದ್ರ ಮಳಿ, ಸೆಪ್ಟೆಂಬರ್ ತನಕ ಸಾಮಾನು ಒಳಗೆ. ಆ ನಾಲ್ಕು ತಿಂಗಳು ಲೆನ್ಸ್‌ಗೆ ಬೂಸ್ಟ್ ಹಿಡೀತದ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಗಾಳಿಯಾಡದ ಡಬ್ಬಿಯಲ್ಲಿ ಇಡ್ರಿ.

ಆದರೆ ಜಾಂಬೋಟಿ, ಕಣಕುಂಬಿ ರಸ್ತೆ ಬದಿ ಕಾಡಿನೊಳಗೆ ರಾತ್ರಿ ಇಳೀಬ್ಯಾಡ್ರಿ. ಕರಡಿ ಓಡಾಡೋ ಜಾಗ. ಭೀಮಗಡ ವನ್ಯಜೀವಿ ಧಾಮದೊಳಗೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಹೋಗುವಂತಿಲ್ಲ. ಬೀಡಿ, ಇಟಗಿ ಕಡೆ ಪರಿಚಯದವರ ಹೊಲ ಇದ್ದರೆ ಹೇಳಿ ಕೇಳಿ ಅಲ್ಲಿ ಹೋಗೋದು ಒಳ್ಳೇದು.

ಅಂಗಡಿಯವರಿಗೆ ಒಂದು ಮಾತು

ಲಡಾಖ್‌ನ ಹಾನ್ಲೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ದೂರದರ್ಶಕ ಐತಿ. ಅದನ್ನು ನಡೆಸೋದು ನಮ್ಮ ಹೊಸಕೋಟೆ ಹತ್ತಿರದ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಹಾನ್ಲೆ ಸುತ್ತಲಿನ ಹಳ್ಳಿಯವರು ರಾತ್ರಿ ಕಿಟಕಿಗೆ ದಪ್ಪ ಪರದೆ ಹಾಕಿ, ಲೈಟಿಗೆ ಮುಚ್ಚಳ ಹಾಕಿ ಕತ್ತಲನ್ನ ಕಾಪಾಡತಾರ. ನಕ್ಷತ್ರ ನೋಡಾಕ ಬರೋ ಮಂದಿಯಿಂದ ಅವರಿಗೆ ದುಡಿಮೆಯೂ ಐತಿ.

ನಮ್ಮಲ್ಲಿ ಖಡೇಬಜಾರ್, ಗಣಪತಿ ಗಲ್ಲಿಯ ಎಲ್‌ಇಡಿ ಬೋರ್ಡು ಶಟರ್ ಎಳೆದ ಮೇಲೂ ಉರೀತಿರತಾವ. ಖಾನಾಪುರ ಪೇಟೆಯಲ್ಲೂ ಅದೇ ದಾರಿ ಶುರುವಾಗ್ಯದ. ಲೈಟ್ ಬ್ಯಾಡ ಅಂತಲ್ಲ. ಮುಖ ನೆಲದ ಕಡೆ ತಿರುಗಿಸ್ರಿ, ಅಂಗಡಿ ಮುಚ್ಚಿದ ಮೇಲೆ ಬೋರ್ಡ್ ಆರಿಸ್ರಿ. ಬಿಲ್ ಉಳೀತದ. ಟೆಲಿಸ್ಕೋಪ್ ಇವತ್ತಿಲ್ಲ ನಾಳೆ ಕೊಳ್ಳಬಹುದು, ಖಾನಾಪುರದ ಕತ್ತಲೆ ಒಮ್ಮೆ ಹೋದರೆ ಯಾವ ಅಂಗಡಿಯಲ್ಲೂ ಸಿಗಂಗಿಲ್ಲ.